ಕುಂಟೆಬಿಲ್ಲೆಯಿಂದ ಸೈಕಲ್ಲಿನವರೆಗೆ: ಮಕ್ಕಳ ಸಮತೋಲನಕ್ಕೆ ಮನೆಯಂಗಳದ ಆಟಗಳು

ನಿಮ್ಮ ಮಗುವನ್ನು ಬರಿಗಾಲಲ್ಲಿ, ಒಂಟಿಗಾಲ ಮೇಲೆ ನಿಲ್ಲಲು ಹೇಳಿ ಅದರ ಪಾದವನ್ನೇ ಸ್ವಲ್ಪ ಹೊತ್ತು ಗಮನಿಸಿ. ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ. ಕಾಲಿನ ಗಿಣ್ಣು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ನಡುಗುತ್ತದೆ. ಬೀಳುವ ಮೊದಲೇ ದೇಹ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿರುವ ಕೆಲಸ ಅದು. ಆದರೆ ಆ ನಡುಕ ಕಣ್ಣಿಗೆ ಬಿದ್ದ ಕೂಡಲೇ ನಾವು ಕೈ ಕೊಟ್ಟುಬಿಡುತ್ತೇವೆ. ಮಗು ನೆಟ್ಟಗೆ ನಿಲ್ಲುತ್ತದೆ ನಿಜ, ತಿದ್ದಿಕೊಳ್ಳುವ ಅಭ್ಯಾಸ ಮಾತ್ರ ಅಲ್ಲಿಗೇ ನಿಂತುಹೋಗುತ್ತದೆ.

ಈ ಲೇಖನದಲ್ಲಿರುವ ಎಲ್ಲ ಆಟಗಳ ಗುಟ್ಟು ಇಷ್ಟೇ: ಮಗುವಿಗೆ ಸ್ವಲ್ಪ ಓಲಾಡುವ ಅವಕಾಶ ಕೊಡಬೇಕು, ಬಿದ್ದರೆ ಪೆಟ್ಟಾಗದಂಥ ಜಾಗದಲ್ಲಿ ಕೊಡಬೇಕು. ಪೂರ್ತಿ ಸಲೀಸಾದ ಆಟದಲ್ಲಿ ಕಲಿಯಲು ಏನೂ ಇಲ್ಲ. ಪ್ರತಿ ಸಲವೂ ಬೀಳುವ ಆಟವನ್ನು ಮಗು ಎರಡೇ ನಿಮಿಷದಲ್ಲಿ ಬಿಟ್ಟು ಹೋಗುತ್ತದೆ. ಹತ್ತು ಸಲ ಮಾಡಿದರೆ ಆರೇಳು ಸಲ ಗೆಲ್ಲುವ ಹಾಗಿದ್ದರೆ ಆಟ ಹದವಾಗಿದೆ ಎಂದು ತಿಳಿಯಿರಿ.

ದೇಹಕ್ಕೆ ಸುದ್ದಿ ಕೊಡುವ ಮೂವರು

ಸಮತೋಲನ ಅನ್ನುವುದು ಕಾಲಿನ ಶಕ್ತಿಯೊಂದರಿಂದಲೇ ಬರುವುದಿಲ್ಲ. ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು. ಒಂದು, ಕಣ್ಣು. ಇನ್ನೊಂದು, ಒಳಕಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿದ್ದು, ತಲೆ ಯಾವ ಕಡೆ ತಿರುಗಿತು ಎಂದು ಹೇಳುತ್ತವೆ. ಗಿರಗಿರನೆ ತಿರುಗಿ ನಿಂತ ಮೇಲೂ ಲೋಕವೆಲ್ಲ ಸುತ್ತುವಂತೆ ಅನಿಸುವುದು ಆ ದ್ರವದ ಚಲನೆ ಇನ್ನೂ ನಿಲ್ಲದಿರುವುದರಿಂದ. ಮೂರನೆಯದು, ಸ್ನಾಯು ಮತ್ತು ಕೀಲುಗಳಿಂದ ಬರುವ ಅರಿವು. ಕಣ್ಣು ಮುಚ್ಚಿದ್ದರೂ ನಿಮ್ಮ ಮೊಣಕೈ ಎಲ್ಲಿದೆ ಎಂದು ನಿಮಗೆ ಗೊತ್ತಿರುತ್ತದಲ್ಲ, ಅದು. ಈ ಮೂರನ್ನೂ ಕೂಡಿಸಿ, ಚಲನೆಯನ್ನು ನಯಗೊಳಿಸುವ ಕೆಲಸದಲ್ಲಿ ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನ ಪಾತ್ರ ದೊಡ್ಡದು.

ಚಿಕ್ಕ ಮಕ್ಕಳು ಕಣ್ಣನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುತ್ತಾರೆ. ಮೂರೂ ಸುದ್ದಿಗಳನ್ನು ದೊಡ್ಡವರಂತೆ ಕೂಡಿಸಿಕೊಳ್ಳುವುದು ಏಳೆಂಟು ವರ್ಷದ ನಂತರವೇ ಚೆನ್ನಾಗಿ ಬರುವುದು. ಹಾಗಾಗಿ ಐದು ವರ್ಷದ ಮಗುವನ್ನು ಕಣ್ಣು ಮುಚ್ಚಿಸಿ ಒಂಟಿಗಾಲಲ್ಲಿ ನಿಲ್ಲಿಸಿ, ಅದು ಬಿದ್ದರೆ 'ಎಷ್ಟು ವೀಕು' ಅನ್ನಬೇಡಿ.

ಇನ್ನೊಂದು ಮಾತು. ಇಂಥ ಆಟ ಆಡಿದರೆ ಗಣಿತ ಬರುತ್ತದೆ, ಬುದ್ಧಿ ಚುರುಕಾಗುತ್ತದೆ ಎಂದು ಮಾರುವ ತರಗತಿಗಳು ಈಗ ಬೀದಿಗೊಂದಿವೆ. ಆ ಮಾತಿಗೆ ಮರುಳಾಗಿ ದುಡ್ಡು ಸುರಿಯಬೇಕಿಲ್ಲ. ಮಗು ಎಡವದೆ ಓಡುತ್ತದೆ, ಚೆಂಡು ಹಿಡಿಯುತ್ತದೆ, ಓರಗೆಯವರ ಜೊತೆ ಆಟಕ್ಕೆ ಇಳಿಯಲು ಹಿಂಜರಿಯುವುದಿಲ್ಲ. ಇಷ್ಟು ಸಿಕ್ಕರೆ ಸಾಲದೆ?

ಮೊದಲು ಜಾಗ, ನೆಲ, ಪಾದ

ಎರಡು ಕೋಣೆಯ ಮನೆಯ ಹಾಲ್ ಸಾಕು. ಟೀಪಾಯಿ ಪಕ್ಕಕ್ಕೆ ಸರಿಸಿ, ಅದರ ಚೂಪು ಮೂಲೆಗಳು ಆಟದ ದಾರಿಗೆ ಬಾರದಂತೆ ನೋಡಿಕೊಳ್ಳಿ. ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಆಡುವುದು ಬೇಡವೇ ಬೇಡ. ಬರಿಗಾಲೇ ಒಳ್ಳೆಯದು, ಜಾರುವುದೂ ಇಲ್ಲ, ಪಾದಕ್ಕೆ ನೆಲದ ಸುದ್ದಿಯೂ ಸಿಗುತ್ತದೆ. ನೆಲ ಒರೆಸಿದ ಕೂಡಲೇ ಆಟ ಶುರು ಮಾಡಬೇಡಿ. ಟೆರೇಸಿನಲ್ಲಿ ಆಡಿಸುವುದಾದರೆ ಮಗುವಿನ ಎದೆಗಿಂತ ಎತ್ತರದ ಗೋಡೆ ಇರಬೇಕು, ದೊಡ್ಡವರೊಬ್ಬರು ಅಲ್ಲೇ ಇರಬೇಕು. ಕಣ್ಣು ಮುಚ್ಚುವ ಆಟ, ಓಡುವ ಆಟ ಎರಡೂ ಟೆರೇಸಿನಲ್ಲಿ ಬೇಡ.

ಮಣ್ಣು, ಮರಳು, ಹುಲ್ಲು ಸಿಕ್ಕಿದರೆ ಅದೇ ಎಲ್ಲಕ್ಕಿಂತ ಮೇಲು. ಏರುಪೇರಿನ ನೆಲ ಅರ್ಧ ಪಾಠವನ್ನು ತಾನೇ ಕಲಿಸುತ್ತದೆ.

ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 1ರಿಂದ 4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಅಲುಗಾಡಿಸುತ್ತಿರಬೇಕು. 3 ಮತ್ತು 4 ವರ್ಷದವರಿಗೆ ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟವಾಗಿರಬೇಕು. 5 ವರ್ಷದ ಮೇಲಿನ ಮಕ್ಕಳಿಗೆ ಅಂಥ ಆಟ ದಿನಕ್ಕೆ ಸರಾಸರಿ 60 ನಿಮಿಷ ಬೇಕು ಎಂದು 2020ರ ಮಾರ್ಗಸೂಚಿ ಹೇಳುತ್ತದೆ. ಕೇಳಲು ಭಾರೀ ಅನಿಸಿದರೂ ಇದು ಒಂದೇ ಉಸಿರಿಗೆ ಮುಗಿಸಬೇಕಾದ ಲೆಕ್ಕವಲ್ಲ. ಮೆಟ್ಟಿಲು ಹತ್ತಿದ್ದು, ನಾಯಿಯ ಹಿಂದೆ ಓಡಿದ್ದು ಎಲ್ಲ ಸೇರುತ್ತದೆ. ಕೆಳಗೆ ಹೇಳುವ ಆಟಗಳಿಗೆ ಸಂಜೆ ಹದಿನೈದಿಪ್ಪತ್ತು ನಿಮಿಷ ಕೊಟ್ಟರೆ ಸಾಕು. ಊಟವಾದ ತಕ್ಷಣ ಮಾತ್ರ ಬೇಡ.

ನಡೆಯುವ ಮುಂಚೆ, ನಡೆಯತೊಡಗಿದಾಗ

ಕೂಸಿಗೆ ಮೊದಲ ವ್ಯಾಯಾಮಶಾಲೆ ಚಾಪೆ. ಎಚ್ಚರವಿರುವಾಗ ಬೋರಲು ಮಲಗಿಸಿ, ಎದುರಿಗೆ ನೀವೂ ಮಲಗಿ ಮಾತಾಡಿಸಿದರೆ ಅದು ಕತ್ತು ಎತ್ತುತ್ತದೆ, ಮುಂದೆ ಎದೆ ಎತ್ತುತ್ತದೆ. ಅಂಬೆಗಾಲಿಡುವ ಕಾಲಕ್ಕೆ ದಾರಿಯಲ್ಲಿ ಒಂದು ದಿಂಬು, ಮಡಿಸಿದ ಕಂಬಳಿ ಇಡಿ, ಹತ್ತಿ ಇಳಿಯಲಿ. ಅಜ್ಜಿಯರು ಆಡಿಸುವ ತಾರಮ್ಮಯ್ಯ, ಚಪ್ಪಾಳೆ, ಬೆನ್ನ ಮೇಲೆ ಕೂರಿಸಿಕೊಂಡು ಓಲಾಡುವ ಆನೆಯಾಟ ಎಲ್ಲವೂ ಇದೇ ಪಾಠದವು. ಆನೆಯಾಟದಲ್ಲಿ ಆನೆ ಒಂದೇ ಸಮ ಹೋಗಬಾರದು, ನಡುನಡುವೆ ನಿಲ್ಲಬೇಕು, ಪಕ್ಕಕ್ಕೆ ವಾಲಬೇಕು. ಆಗ ಮಗುವಿನ ಸೊಂಟ ತಾನೇ ನೆಟ್ಟಗಾಗುತ್ತದೆ.

ಮಗುವನ್ನು ನಡುವೆ ಕೂರಿಸುವ ಚಕ್ರದ ವಾಕರ್ ಮಾತ್ರ ಕೊಳ್ಳಬೇಡಿ. ಅದರಲ್ಲಿ ಮಗು ತುದಿಗಾಲಲ್ಲಿ ನೆಲವನ್ನು ಒದ್ದುಕೊಂಡು ಸಾಗುತ್ತದೆ, ತನ್ನ ಭಾರ ತಾನು ಹೊರುವುದಿಲ್ಲ. ಮೆಟ್ಟಿಲ ಮೇಲಿಂದ ಉರುಳುವ ಅಪಾಯ ಬೇರೆ. ಕೆನಡಾ ದೇಶ 2004ರಲ್ಲೇ ಇದರ ಮಾರಾಟ ನಿಷೇಧಿಸಿತು. ಅದರ ಬದಲು ಜಾತ್ರೆಯಲ್ಲಿ ಸಿಗುವ, ಹಿಡಿ ಹಿಡಿದು ತಳ್ಳಿಕೊಂಡು ಹೋಗುವ ಮೂರು ಗಾಲಿಯ ಮರದ ಗಾಡಿ ಎಷ್ಟೋ ವಾಸಿ. ಅದರಲ್ಲಿ ಮಗು ತನ್ನ ಕಾಲ ಮೇಲೆಯೇ ನಿಂತಿರುತ್ತದೆ.

ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತು ಎಂಬ ಚಿಂತೆ ಬಿಡಿ. ಭಾರತದ ಮಕ್ಕಳೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಆಸರೆಯಿಲ್ಲದೆ ನಡೆಯತೊಡಗುವ ವಯಸ್ಸು 8.2ರಿಂದ 17.6 ತಿಂಗಳವರೆಗೆ ಹರಡಿಕೊಂಡಿದೆ. ಅಷ್ಟು ಅಗಲದ ಬಾಗಿಲಲ್ಲಿ ಯಾವ ಮಗು ಯಾವಾಗ ಬಂದರೂ ಸರಿಯೇ.

ಎರಡರಿಂದ ಐದು: ಹಾಲ್‌ನಲ್ಲೇ ಹೊಳೆ, ಹಾಲ್‌ನಲ್ಲೇ ಸೇತುವೆ

ಈ ವಯಸ್ಸಿಗೆ 'ವ್ಯಾಯಾಮ ಮಾಡು' ಅಂದರೆ ನಡೆಯದು, ಕಥೆ ಬೇಕು. ಬಿಳಿ ಸೀಮೆಸುಣ್ಣದಲ್ಲಿ ಅಥವಾ ಕಾಗದದ ಟೇಪಿನಲ್ಲಿ ನೆಲದ ಮೇಲೆ ಎರಡು ಗೆರೆ ಎಳೆಯಿರಿ, ನಡುವೆ ಒಂದು ಗೇಣು ಜಾಗವಿರಲಿ. ಅದು ಸೇತುವೆ, ಅತ್ತಿತ್ತ ಮೊಸಳೆ. ಮಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು. ಸಲೀಸಾದ ಮೇಲೆ ಸೇತುವೆಯನ್ನು ಸಣ್ಣದು ಮಾಡುತ್ತ ಬನ್ನಿ, ಕೊನೆಗೆ ಒಂದೇ ಗೆರೆ. ಆಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹೆಜ್ಜೆ, ಆಮೇಲೆ ಹಿಂದಕ್ಕೆ. ಪಾರ್ಕಿನ ಗಿಡದ ಮಡಿಗೆ ಕಟ್ಟಿದ ಕಟ್ಟೆಯ ಅಂಚು ಇದರ ಮುಂದಿನ ಮೆಟ್ಟಿಲು. ಮಗು ಕಟ್ಟೆಯ ಮೇಲೆ ನಡೆಯುವಾಗ ಕೈ ಹಿಡಿಯಲೇಬೇಕು ಅನಿಸಿದರೆ ಒಂದು ಬೆರಳು ಮಾತ್ರ ಕೊಡಿ. ರಟ್ಟೆ ಹಿಡಿದರೆ ಅದರ ಭಾರ ನೀವು ಹೊತ್ತಂತೆ. ಬೆರಳು ಕೊಟ್ಟರೆ ಅದಕ್ಕೆ ಧೈರ್ಯವಷ್ಟೇ ಸಿಗುತ್ತದೆ.

ಕೆರೆ–ದಡ ಆಟ ನೆನಪಿದೆಯೆ? ಒಂದು ಗೆರೆ. ಆಚೆ ಕೆರೆ, ಈಚೆ ದಡ. ನೀವು 'ಕೆರೆ' ಅಂದರೆ ಆಚೆ ಜಿಗಿಯಬೇಕು, 'ದಡ' ಅಂದರೆ ಈಚೆ. ಕೆರೆಯಲ್ಲೇ ಇರುವಾಗ ಮತ್ತೆ 'ಕೆರೆ' ಅಂದರೆ ಅಲುಗಾಡಬಾರದು. ಈ ಕೊನೆಯ ನಿಯಮವೇ ಆಟದ ಜೀವ. ಜಿಗಿಯಲು ಸಿದ್ಧವಾದ ಮೈಯನ್ನು ತಟ್ಟನೆ ತಡೆಯುವುದು ಜಿಗಿಯುವುದಕ್ಕಿಂತ ಕಷ್ಟ. ಎರಡೂ ಕಾಲು ಒಟ್ಟಿಗೆ ನೆಲ ಬಿಡುವುದು ಸುಮಾರು ಎರಡೂವರೆ ವರ್ಷಕ್ಕೆ ಬರುತ್ತದೆ. ಅದಕ್ಕೆ ಮುಂಚೆ ದಾಟಿ ಹೆಜ್ಜೆ ಇಟ್ಟರೂ ಒಪ್ಪಿಕೊಳ್ಳಿ. ಜಿಗಿದು ಇಳಿಯುವಾಗ ಮೊಣಕಾಲು ಮಡಿಸಲು ಹೇಳಿಕೊಡಿ. 'ಶಬ್ದವಾಗಬಾರದು, ಕೆರೆಯ ಮೀನು ಎದ್ದುಬಿಡುತ್ತೆ' ಅಂದರೆ ಮಗು ತಾನೇ ಮೊಣಕಾಲು ಮಡಿಸಿ ಮೆತ್ತಗೆ ಇಳಿಯುತ್ತದೆ.

ಸ್ಟ್ಯಾಚೂ ಆಟ, ಕಪ್ಪೆ ಜಿಗಿತ, ಏಡಿ ನಡಿಗೆ (ಅಂಗಾತ ಕೂತು ಕೈಕಾಲು ಊರಿ, ಸೊಂಟ ಎತ್ತಿ ಪಕ್ಕಕ್ಕೆ ಸರಿಯುವುದು) ಇವನ್ನೆಲ್ಲ ವಿವರಿಸಬೇಕಿಲ್ಲ. ಗಿರಗಿಟ್ಲೆ ತಿರುಗುವ ಆಟಕ್ಕೆ ಮಾತ್ರ ಎರಡು ಎಚ್ಚರಿಕೆ: ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟು, ಮಗು ಸಾಕು ಅಂದರೆ ಅಲ್ಲಿಗೆ ಸಾಕು.

ನೀರು ಹೊರುವ ಆಟವನ್ನು ಬಿಡಬೇಡಿ. ಸಣ್ಣ ಚೊಂಬಿನಲ್ಲಿ ಅರ್ಧ ನೀರು, ಬಚ್ಚಲಿನಿಂದ ತುಳಸಿಕಟ್ಟೆಯವರೆಗೆ ಅಥವಾ ಬಾಲ್ಕನಿಯ ಕುಂಡದವರೆಗೆ ಚೆಲ್ಲದೆ ಒಯ್ಯಬೇಕು. ಒಂದು ಕೈಯಲ್ಲಿ ಹಿಡಿದರೆ ಭಾರ ಒಂದು ಕಡೆ, ಮೈ ಇನ್ನೊಂದು ಕಡೆ ವಾಲಿ ಸರಿದೂಗಿಸುತ್ತದೆ. ಶಾಲೆಯ ವಾರ್ಷಿಕ ದಿನಕ್ಕೆ ಚಮಚ–ನಿಂಬೆಹಣ್ಣಿನ ಓಟ ಇದ್ದೇ ಇರುತ್ತದೆ. ಆದರೆ ಬಾಯಲ್ಲಿ ಚಮಚ ಕಚ್ಚಿ ಓಡುವುದು ಅಪಾಯ, ಬಿದ್ದರೆ ಚಮಚ ಗಂಟಲಿಗೆ ಚುಚ್ಚುತ್ತದೆ. ಕೈಯಲ್ಲೇ ಹಿಡಿಯಲಿ.

ಕುಂಟೆಬಿಲ್ಲೆ: ಒಂದೊಂದೇ ಮನೆ

ಐದು ವರ್ಷ ದಾಟಿದ ಮಕ್ಕಳಿಗೆ ಒಂದೇ ಒಂದು ಆಟ ಆರಿಸು ಎಂದರೆ ನಾನು ಆರಿಸುವುದು ಕುಂಟೆಬಿಲ್ಲೆ. ಒಂಟಿಗಾಲಲ್ಲಿ ಕುಪ್ಪಳಿಸುವುದು ಮಕ್ಕಳಿಗೆ ಸುಮಾರು ಐದರ ಹೊತ್ತಿಗೆ ಬರುತ್ತದೆ, ಈ ಆಟ ಅಲ್ಲಿಂದಲೇ ಶುರುವಾಗುತ್ತದೆ. ಅದರ ಒಂದೊಂದು ನಿಯಮವೂ ಸಮತೋಲನದ ಒಂದೊಂದು ಮೆಟ್ಟಿಲು. ನಮ್ಮ ಬೀದಿಗಳಲ್ಲಿ ಹೆಣ್ಣುಮಕ್ಕಳ ಆಟ ಎಂದು ಇದನ್ನು ಬದಿಗಿಟ್ಟದ್ದು ಗಂಡುಹುಡುಗರಿಗೇ ಆದ ನಷ್ಟ.

ಅಂಕಣ ಹೀಗೆ ಹಾಕಿ: ಎರಡು ಸಾಲು, ಒಂದೊಂದರಲ್ಲಿ ನಾಲ್ಕು ಮನೆ, ಒಟ್ಟು ಎಂಟು. ಚಿಕ್ಕವರಿಗೆ ಒಂದೊಂದು ಮನೆ ಒಂದೂವರೆ ಅಡಿ ಚೌಕವಿರಲಿ, ಪಳಗಿದ ಮೇಲೆ ಒಂದು ಅಡಿಗೆ ಇಳಿಸಿ. ನಾಲ್ಕನೆಯ ಮನೆ ವಿಶ್ರಾಂತಿಯ ಮನೆ, ಅಲ್ಲಿ ಎರಡೂ ಕಾಲು ಊರಬಹುದು. ಊರೂರಿಗೆ ನಿಯಮ ಬೇರೆ, ನಿಮ್ಮ ಊರಿನದೇ ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ಬಿಲ್ಲೆಗೆ ಮಣ್ಣಿನ ನೆಲವಾದರೆ ಹೆಂಚಿನ ಚೂರನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿದರೆ ಆಯಿತು. ಟೈಲ್ಸಿನ ಮೇಲೆ ಅದು ಜಾರಿ ಸೋಫಾದ ಕೆಳಗೆ ಸೇರುತ್ತದೆ, ಕೆಳಗಿನ ಮನೆಯವರಿಗೆ ಸದ್ದೂ ಕೇಳುತ್ತದೆ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಅಂಗೈಯಗಲದ ದುಂಡು ತುಂಡು ಕತ್ತರಿಸಿಕೊಳ್ಳಿ. ಹಿಡಿತವೂ ಇರುತ್ತದೆ, ಸದ್ದೂ ಇಲ್ಲ.

1. ಮೊದಲು ಬಿಲ್ಲೆಯೇ ಬೇಡ. ಗೆರೆ ತುಳಿಯದೆ ಎಂಟು ಮನೆಯನ್ನೂ ನಡೆದು ಬರಲಿ. ಆಮೇಲೆ ಎರಡೂ ಕಾಲು ಜೋಡಿಸಿ ಮನೆಯಿಂದ ಮನೆಗೆ ಜಿಗಿಯಲಿ.

2. ಒಂಟಿಗಾಲು. ನಾಲ್ಕು ಮನೆ ಕುಂಟಿ ವಿಶ್ರಾಂತಿ, ಮತ್ತೆ ನಾಲ್ಕು ಮನೆ. ಎರಡು ಕುಪ್ಪಳಿಕೆಗೇ ಕಾಲೂರುವ ಮಗುವಿಗೆ ಎರಡು ಮನೆಗೊಂದು ವಿಶ್ರಾಂತಿ ಕೊಡಿ, ನಾಚಿಕೆ ಏನಿಲ್ಲ. ಕೈಗಳನ್ನು ರೆಕ್ಕೆಯ ಹಾಗೆ ಚಾಚಲಿ. ನೋಟ ಪಾದದ ಮೇಲಲ್ಲ, ಮುಂದಿನ ಮನೆಯ ಮೇಲಿರಲಿ.

3. ಈಗ ಬಿಲ್ಲೆ ಎಸೆದು, ಕುಂಟುತ್ತ ಹೋಗಿ, ಒಂಟಿಗಾಲಲ್ಲೇ ಬಗ್ಗಿ ಎತ್ತಿಕೊಂಡು ಬರುವುದು. ಬಗ್ಗಿದಾಗ ತಲೆ ಕೆಳಗಾಗುತ್ತದೆ, ಒಳಕಿವಿಯಿಂದ ಬರುವ ಸುದ್ದಿಯೇ ಬದಲಾಗುತ್ತದೆ. ಬಹಳ ಮಕ್ಕಳು ಮುಗ್ಗರಿಸುವುದು ಇಲ್ಲೇ. ಸೊಂಟದಿಂದ ಬಗ್ಗುವ ಬದಲು ನಿಂತ ಕಾಲಿನ ಮೊಣಕಾಲನ್ನು ಮಡಿಸಲು ತೋರಿಸಿಕೊಡಿ.

4. ಬಿಲ್ಲೆಯನ್ನು ಕುಂಟುವ ಕಾಲಿನಿಂದಲೇ ಒದ್ದು ಒಂದು ಮನೆ ಮುಂದೆ ದೂಡುವುದು. ಅದೇ ಕಾಲು ನೆಲ ಬಿಡಬೇಕು, ಬಿಲ್ಲೆಗೆ ತಾಗಬೇಕು, ಮತ್ತೆ ನೆಲ ಹಿಡಿಯಬೇಕು. ಒದೆತ ಜೋರಾದರೆ ಬಿಲ್ಲೆ ಎರಡು ಮನೆ ದಾಟುತ್ತದೆ, ಮೆತ್ತಗಾದರೆ ಗೆರೆಯ ಮೇಲೆ ಕೂರುತ್ತದೆ. ಎಷ್ಟು ಬಲ ಹಾಕಬೇಕು ಅನ್ನುವ ಅಳತೆ ಕಾಲಿಗೆ ಬರುವುದು ಇಂಥ ಹತ್ತಾರು ತಪ್ಪುಗಳಿಂದ, ಬಾಯಿಮಾತಿನ ಪಾಠದಿಂದಲ್ಲ.

5. ಕೊನೆಯ ಹಂತ, ಎಂಟೊಂಬತ್ತು ವರ್ಷದವರಿಗೆ. ಬಿಲ್ಲೆಯನ್ನು ತಲೆಯ ಮೇಲೋ ಪಾದದ ಮೇಲೋ ಇಟ್ಟುಕೊಂಡು ದಾಟುವುದು. ಅದಾದ ಮೇಲೆ ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಒಂದೊಂದು ಹೆಜ್ಜೆಗೂ 'ರೈಟಾ?' ಎಂದು ಕೇಳುತ್ತ ನಡೆಯುವುದು. ಸುತ್ತ ನಿಂತವರು 'ರೈಟು' ಅಂದರೆ ಮುಂದಿನ ಹೆಜ್ಜೆ. ಕಣ್ಣಿನ ಸುದ್ದಿಯನ್ನು ಪೂರ್ತಿ ತೆಗೆದು ಪಾದವನ್ನೇ ನೆಚ್ಚಿಸುವ ಈ ಹಂತವನ್ನು ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ, ಬೀದಿಯ ಮಕ್ಕಳೇ ಕಟ್ಟಿದ್ದು.

ಒಂದು ಸಣ್ಣ ತಿದ್ದುಪಡಿ ನನ್ನದು. ಮಕ್ಕಳು ತಮಗೆ ಅನುಕೂಲವಾದ ಕಾಲಿನಲ್ಲೇ ಕುಂಟುತ್ತಾರೆ. ಎರಡು ಮನೆಗೆ ಬೇರೆ ಬಣ್ಣದ ಸೀಮೆಸುಣ್ಣ ಬಳಿದು 'ಇಲ್ಲಿ ಇನ್ನೊಂದು ಕಾಲು' ಎಂದು ನಿಯಮ ಮಾಡಿ. ಮೊದಲು ಗೊಣಗುತ್ತಾರೆ, ಆಮೇಲೆ ಆ ಮನೆಗೇ ಪೈಪೋಟಿ ನಡೆಯುತ್ತದೆ.

ಕಣ್ಣಿಗೂ ಕೈಗೂ ನಂಟು

ಚೆಂಡು ಹಿಡಿಯಲು ಬಾರದ ಮಗುವಿಗೆ ರಬ್ಬರ್ ಚೆಂಡು ಎಸೆದು 'ನೋಡು, ನೋಡು' ಎಂದು ಕೂಗಿದರೆ ಅದು ಕಣ್ಣು ಮುಚ್ಚಿಕೊಳ್ಳುತ್ತದೆ. ಚೆಂಡಿನ ವೇಗಕ್ಕೆ ಹೆದರಿ ಮುಚ್ಚಿದ ಕಣ್ಣದು, ಹಾಗಾಗಿ ಮೊದಲು ವೇಗ ತಗ್ಗಿಸಬೇಕು. ಬಲೂನಿನಿಂದ ಶುರು ಮಾಡಿ, ಅದು ನಿಧಾನವಾಗಿ ಇಳಿಯುವುದರಿಂದ ಕೈ ತರಲು ಸಮಯ ಸಿಗುತ್ತದೆ. (ಒಡೆದ ಬಲೂನಿನ ಚೂರುಗಳನ್ನು ಕೂಡಲೇ ಹೆಕ್ಕಿಬಿಡಿ. ಚಿಕ್ಕ ಮಕ್ಕಳ ಗಂಟಲಿಗೆ ಅವು ತೀರ ಅಪಾಯ.) ಬಲೂನ್ ಆದ ಮೇಲೆ ಹಳೆಯ ದುಪಟ್ಟಾ ಎಸೆದು ಹಿಡಿಯುವುದು, ಅದಾದ ಮೇಲೆ ಚಿಂದಿ ಸುತ್ತಿ ಮಾಡಿದ ದೊಡ್ಡ ಬಟ್ಟೆಚೆಂಡು, ನಂತರ ನೆಲಕ್ಕೆ ಒಮ್ಮೆ ಪುಟಿದು ಬರುವ ರಬ್ಬರ್ ಚೆಂಡು. ದೊಡ್ಡ ಚೆಂಡನ್ನು ಹೆಚ್ಚುಸಲ ಹಿಡಿಯುವುದು ಸುಮಾರು ನಾಲ್ಕರ ಹೊತ್ತಿಗೆ ಬರುತ್ತದೆ. ಮೊದಮೊದಲು ಎದೆಗೆ ಅವುಚಿಕೊಂಡೇ ಹಿಡಿಯುತ್ತಾರೆ, ಅದು ತಪ್ಪಲ್ಲ.

ಚೆಂಡು ಪಳಗಿದವರಿಗೆ ಲಗೋರಿ ಇದೆ. ಏಳು ಕಲ್ಲು ಪೇರಿಸುವಾಗ ಕೈ ನಡುಗಬಾರದು, ಪೇರಿಸುತ್ತಲೇ ಬೆನ್ನಿಗೆ ಬರುವ ಚೆಂಡು ತಪ್ಪಿಸಿಕೊಳ್ಳಬೇಕು, ಆಮೇಲೆ ಓಡಬೇಕು. ಇಷ್ಟನ್ನು ಒಂದೇ ಆಟದಲ್ಲಿ ತುರುಕಿದ್ದು ಯಾರೋ! ಬಟ್ಟೆಚೆಂಡಿನಲ್ಲೇ ಆಡಿಸಿ. ಚಿನ್ನಿದಾಂಡು ಕಣ್ಣಿಗೂ ಕೈಗೂ ಒಳ್ಳೆಯ ಆಟವೇ, ಆದರೆ ಹಾರಿದ ಚಿನ್ನಿ ಕಣ್ಣಿಗೇ ಬಡಿದ ಕಥೆ ಪ್ರತಿ ಊರಲ್ಲೂ ಇದೆ. ಬಯಲು ದೊಡ್ಡದಿದ್ದು, ನೋಡುವವರು ದೂರ ನಿಂತಿದ್ದರೆ ಮಾತ್ರ.

ಅಣ್ಣೆಕಲ್ಲು ಅನ್ನಿ, ಐದು ಕಲ್ಲಿನಾಟ ಅನ್ನಿ, ಮಳೆಗಾಲದ ಸಂಜೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಕಲ್ಲು ಗಾಳಿಯಲ್ಲಿ, ಒಂದು ನೆಲದಲ್ಲಿ, ಎರಡಕ್ಕೂ ಒಂದೇ ಕೈ. ಶುರುವಿಗೆ ಎರಡೇ ಕಲ್ಲು ಸಾಕು. ಮೊದಲ ವಾರ ಮೇಲೆಸೆದು ಹಿಡಿಯುವುದಷ್ಟೇ ಇರಲಿ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಕಲ್ಲು, ಗೋಲಿ, ಗಜ್ಜುಗ ಆಟ ಮುಗಿದ ಕೂಡಲೇ ಡಬ್ಬಿ ಸೇರಬೇಕು.

ಬುಗುರಿಗೆ ಚಾಟಿ ಸುತ್ತುವುದು, ಹಳೆಯ ಸೈಕಲ್ ಟೈರನ್ನು ಕೋಲಿನಿಂದ ತಟ್ಟುತ್ತ ಅದರ ಜೊತೆಗೇ ಓಡುವುದು, ಕೋಲಾಟ ಇವೆಲ್ಲದರಲ್ಲಿ ಎರಡು ಕೈ ಎರಡು ಬೇರೆ ಕೆಲಸ ಮಾಡುತ್ತವೆ ಅಥವಾ ಕಾಲೊಂದು ಕಡೆ, ಕೈಯೊಂದು ಕಡೆ ಗಮನವಿಡಬೇಕಾಗುತ್ತದೆ. ಕೋಲಾಟಕ್ಕೆ ಮನೆಯಲ್ಲಿ ಕೋಲಿಲ್ಲದಿದ್ದರೆ ಲಟ್ಟಣಿಗೆ ತೆಗೆಯಬೇಡಿ, ಬೆರಳಿಗೆ ಪೆಟ್ಟು ಬೀಳುತ್ತದೆ. ದಿನಪತ್ರಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿದರೆ ಸಾಕು. ಎದುರು ಬದುರು ನಿಂತು, ನನ್ನ ಬಲದ ಕೋಲು ನಿನ್ನ ಬಲಕ್ಕೆ, ಎಡದ್ದು ಎಡಕ್ಕೆ. ಕೈ ತನ್ನ ಮೈಯ ನಡುಗೆರೆ ದಾಟಿ ಆಚೆ ಹೋಗುವುದು ಬರವಣಿಗೆಯಿಂದ ಹಿಡಿದು ಬೆನ್ನು ಉಜ್ಜಿಕೊಳ್ಳುವವರೆಗೆ ಬೇಕಾದ ಚಲನೆ.

ಅಡುಗೆಮನೆಯನ್ನು ಮರೆಯಬೇಡಿ. ಸೊಗಡಿನ ಅವರೆಕಾಯಿ ಬರುವ ಚಳಿಗಾಲದಲ್ಲಿ ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತುಕುವ ಕೆಲಸ ಮಕ್ಕಳಿಗೆ ಬಿಟ್ಟುಕೊಡಿ. ಬೇಳೆ ಪಟ್ಟನೆ ಹಾರುವುದಕ್ಕೇ ಅವರಿಗೆ ಅರ್ಧ ಖುಷಿ. ಪಾತ್ರೆಯೊಳಗೇ ಬೀಳಬೇಕು ಎಂಬ ಗುರಿ ಕೊಟ್ಟರೆ ಆಟವಾಯಿತು. ಏಳೆಂಟು ವರ್ಷದವರಿಗೆ ಹೂ ಕಟ್ಟುವುದನ್ನು ಹೇಳಿಕೊಡಿ, ಗಂಡುಮಕ್ಕಳಿಗೂ.

ಹಗ್ಗದಾಟ, ಚುಟುಕಾಗಿ

ಮಗು ಹಗ್ಗ ಹಿಡಿದು ಮೊದಲ ದಿನವೇ ಜಿಗಿಯಲಾರದು. ಹಗ್ಗವನ್ನು ನೆಲಕ್ಕೆ ಹಾಸಿ ದಾಟಲಿ. ಇಬ್ಬರು ಹಿಡಿದು ನೆಲದ ಮೇಲೇ ಹಾವಿನಂತೆ ಅಲ್ಲಾಡಿಸಲಿ, ಅದನ್ನು ತುಳಿಯದೆ ಜಿಗಿಯಲಿ. ನಂತರ ತೊಟ್ಟಿಲಿನಂತೆ ಅತ್ತಿತ್ತ ತೂಗಿ. ಪೂರ್ತಿ ಸುತ್ತು ಅದಾದ ಮೇಲೆ. ತಾನೇ ತಿರುಗಿಸುವಾಗ ಕೈ ಮತ್ತು ಕಾಲಿನ ತಾಳ ಕೂಡದಿದ್ದರೆ, ಹಗ್ಗವನ್ನು ಎರಡು ಮಡಿಕೆ ಮಾಡಿ ಒಂದೇ ಕೈಯಲ್ಲಿ ಪಕ್ಕಕ್ಕೆ ತಿರುಗಿಸುತ್ತ, ಅದು ನೆಲಕ್ಕೆ ತಾಗಿದಾಗಲೆಲ್ಲ ಜಿಗಿಯಲಿ. ತಾಳ ಕಿವಿಗೆ ಬಿದ್ದರೆ ಕಾಲಿಗೂ ಬರುತ್ತದೆ.

ಸೈಕಲ್: ಸೈಡ್ ವೀಲ್ ಅಲ್ಲ, ಪೆಡಲ್ ಬಿಚ್ಚಿ

ಸೈಕಲ್ ಕೊಂಡ ದಿನವೇ ಅಂಗಡಿಯವರು ಪಕ್ಕಕ್ಕೆ ಎರಡು ಪುಟ್ಟ ಚಕ್ರ ಸಿಕ್ಕಿಸಿ ಕಳಿಸುತ್ತಾರೆ. ಸದುದ್ದೇಶವೇ. ಆದರೆ ಸೈಕಲ್ಲಿನಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆಯನ್ನೇ ಆ ಚಕ್ರಗಳು ಮರೆಮಾಡುತ್ತವೆ. ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು, ಆಗ ಚಕ್ರಗಳು ಮೈಯ ಕೆಳಗೆ ಬಂದು ಸೈಕಲ್ ಎದ್ದು ನಿಲ್ಲುತ್ತದೆ. ಸೈಡ್ ವೀಲ್ ಇರುವ ಸೈಕಲ್ ವಾಲುವುದೇ ಇಲ್ಲ. ತಿರುವಿನಲ್ಲಿ ಮಗು ಒಳಕ್ಕೆ ಬಾಗುವ ಬದಲು ಹೊರಕ್ಕೆ ವಾಲಿ ಕೂರುವುದನ್ನು ಕಲಿಯುತ್ತದೆ. ಆ ಚಕ್ರ ಬಿಚ್ಚಿದ ದಿನ ಕಲಿತದ್ದನ್ನೆಲ್ಲ ಮರೆತು ಮೊದಲಿನಿಂದ ಶುರು ಮಾಡಬೇಕು.

ಪೆಡಲ್ ತುಳಿಯುವುದು ಸುಲಭದ ಕೆಲಸ, ಅದನ್ನು ಆಮೇಲೆ ಕಲಿಯಬಹುದು. ಮೊದಲು ಸಮತೋಲನ.

1. ಸೈಡ್ ವೀಲ್ ತೆಗೆಯಿರಿ. ಎರಡೂ ಪೆಡಲ್ ಬಿಚ್ಚಿ. ಸಾಮಾನ್ಯವಾಗಿ 15ರ ಸ್ಪ್ಯಾನರ್ ಬೇಕಾಗುತ್ತದೆ. ಎಡಗಡೆಯ ಪೆಡಲಿನ ಮರೆ (ತಿರುಪಿನ ಥ್ರೆಡ್) ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ತಿಳಿಯದೆ ಬಲ ಹಾಕಿ ಮರೆ ಕೆಡಿಸಿಕೊಂಡವರು ಬಹಳ ಜನ.

2. ಸೀಟನ್ನು ಪೂರ್ತಿ ಇಳಿಸಿ. ಕೂತಾಗ ಎರಡೂ ಅಂಗಾಲು ನೆಲಕ್ಕೆ ಚಪ್ಪಟೆಯಾಗಿ ತಾಗಬೇಕು, ಮೊಣಕಾಲು ತುಸು ಮಡಿಸಿರಬೇಕು.

3. ಹೆಲ್ಮೆಟ್ ಹಣೆಯ ಮೇಲೆ, ಹುಬ್ಬಿನಿಂದ ಎರಡು ಬೆರಳಗಲ ಮೇಲಿರಲಿ. ತಲೆಯ ಹಿಂದಕ್ಕೆ ಜಾರಿಸಿ ಹಾಕಿದರೆ ಪ್ರಯೋಜನವಿಲ್ಲ. ಕಾಲಿಗೆ ಚಪ್ಪಲಿ ಬೇಡ, ಶೂ ಇರಲಿ.

4. ಮೊದಲು ಸೀಟಿನಲ್ಲಿ ಕೂತು ನಡೆಯಲಿ. ಆಮೇಲೆ ದಾಪುಗಾಲು. ಆಮೇಲೆ ಎರಡೂ ಕಾಲಿನಿಂದ ನೆಲ ಒದ್ದು, ಕಾಲೆತ್ತಿ ತೇಲಲಿ. ಕಂಡೂ ಕಾಣದ ಇಳಿಜಾರು ಸಿಕ್ಕರೆ ಅನುಕೂಲ. ಬ್ರೇಕ್ ಹಿಡಿಯಲು ಬರುವ ತನಕ ಅದಕ್ಕಿಂತ ಕಡಿದಾದದ್ದು ಬೇಡ.

5. ಬಾಯಲ್ಲಿ ಐದರವರೆಗೆ ಎಣಿಸುವಷ್ಟು ಹೊತ್ತು ಕಾಲೂರದೆ ತೇಲಿ, ತಿರುವನ್ನೂ ತೆಗೆದುಕೊಂಡರೆ ಪೆಡಲ್ ಮತ್ತೆ ಹಾಕಿ. ಸೀಟು ಸ್ವಲ್ಪ ಏರಿಸಿ.

ಈ ಇಡೀ ಕಲಿಕೆಯಲ್ಲಿ ನಿಮ್ಮ ಕೈ ಹ್ಯಾಂಡಲಿಗೆ ಹೋಗಬಾರದು. ನೀವು ಹ್ಯಾಂಡಲ್ ಹಿಡಿದರೆ ತಿದ್ದುತ್ತಿರುವವರು ನೀವು, ಮಗುವಲ್ಲ. ಹಿಡಿಯಲೇಬೇಕೆಂದರೆ ಮಗುವಿನ ಬೆನ್ನಿಗೆ ಅಂಗೈ ಒತ್ತಿ ಜೊತೆಗೆ ಓಡಿ. ನೋಟ ಮುಂದಿನ ಚಕ್ರದ ಮೇಲಲ್ಲ, ದೂರದಲ್ಲಿರಲಿ. ಹಿಂದೆ ಮಕ್ಕಳು ಅಪ್ಪನ ದೊಡ್ಡ ಸೈಕಲ್ಲಿನ ಸರಳಿನ ಕೆಳಗೆ ಕಾಲು ತೂರಿಸಿ, ಅರ್ಧ ಪೆಡಲ್ ಹೊಡೆದೇ ಕಲಿಯುತ್ತಿದ್ದರು. ಅಲ್ಲಿಯೂ ಮೊದಲು ಬರುತ್ತಿದ್ದದ್ದು ವಾಲುವುದನ್ನು ಸರಿಪಡಿಸಿಕೊಳ್ಳುವುದು, ತುಳಿಯುವುದು ಆಮೇಲೆ.

'ಔಟ್' ಆದವರು ಎಲ್ಲಿ ಹೋಗಬೇಕು?

ನಮ್ಮ ಬಹುಪಾಲು ಆಟಗಳಲ್ಲಿ ಒಂದು ದೋಷವಿದೆ. ತಪ್ಪು ಮಾಡಿದ ಮಗು ಔಟ್, ಆಮೇಲೆ ಬದಿಗೆ ಕೂತು ನೋಡಬೇಕು. ಅಂದರೆ ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಅತಿ ಕಡಿಮೆ ಆಟ ಸಿಗುತ್ತದೆ. ಮಕ್ಕಳ ಗುಂಪು ಆಡಿಸುವವರು, ಅದರಲ್ಲೂ ಶಾಲೆಯ ಮೇಷ್ಟ್ರು, ಟೀಚರುಗಳು ಈ ನಿಯಮವೊಂದನ್ನು ಬದಲಿಸಿದರೆ ದೊಡ್ಡ ಉಪಕಾರ. ಔಟ್ ಆದವರು ಪಕ್ಕದ ಗೆರೆಯ ಮೇಲೆ ಒಮ್ಮೆ ಕುಂಟಿಕೊಂಡು ಹೋಗಿ ಬಂದರೆ ಮತ್ತೆ ಒಳಗೆ. ತಂಡ ಆರಿಸುವಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದುಕೊಳ್ಳುವ ಪದ್ಧತಿಯನ್ನೂ ಬಿಟ್ಟುಬಿಡಿ. ಕೊನೆಗೆ ಉಳಿಯುವ ಮಗು ಯಾವಾಗಲೂ ಒಂದೇ ಆಗಿರುತ್ತದೆ, ಅದು ಅದಕ್ಕೂ ಗೊತ್ತಿರುತ್ತದೆ. ಚೀಟಿ ಎತ್ತಿಸಿ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಮಕ್ಕಳು ಎಡವುತ್ತಾರೆ, ಅದು ಕಾಯಿಲೆಯಲ್ಲ. ಆದರೆ ಕೆಲವನ್ನು ಆಟದಿಂದ ಸರಿಯಾಗುತ್ತದೆ ಎಂದು ಕಾಯುತ್ತ ಕೂರಬಾರದು. 18 ತಿಂಗಳು ತುಂಬಿದರೂ ಆಸರೆಯಿಲ್ಲದೆ ನಡೆಯದಿರುವುದು. ಒಂದು ಕೈ ಅಥವಾ ಒಂದು ಕಾಲನ್ನು ಮಾತ್ರ ಬಳಸುವುದು. ಅದರಲ್ಲೂ ವರ್ಷ ತುಂಬುವ ಮೊದಲೇ ಯಾವುದೋ ಒಂದು ಕೈಯನ್ನೇ ಗಟ್ಟಿಯಾಗಿ ನೆಚ್ಚಿಕೊಂಡಿರುವುದು. ಸದಾ ತುದಿಗಾಲಲ್ಲೇ ನಡೆಯುವುದು. ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೇ ಕೈಯೂರಿ ಹತ್ತಿದಂತೆ ಮೇಲೇಳುವುದು, ಜೊತೆಗೆ ಮೀನಖಂಡ ದಪ್ಪಗಿರುವುದು. ಈ ಕೊನೆಯದು ಸ್ನಾಯು ಕ್ಷಯಿಸುವ ಕಾಯಿಲೆಯ ಲಕ್ಷಣವಿರಬಹುದು, ತಡ ಮಾಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಬರುತ್ತಿದ್ದ ಚಲನೆ ಈಗ ಬಾರದೆ ಹೋದರೆ ಅಂದೇ ಹೊರಡಿ.

ಪದೇ ಪದೇ ಕಿವಿ ಸೋರುವ, ಕಿವಿಯೊಳಗೆ ನೀರು ಕಟ್ಟಿಕೊಳ್ಳುವ ಮಕ್ಕಳಲ್ಲೂ ಓಲಾಟ ಕಾಣಬಹುದು. ಕಣ್ಣಿನ ದೋಷವಿದ್ದರೆ ಚೆಂಡು ಕೈಗೆ ಸಿಗದು. ಹಾಗಾಗಿ ಕಣ್ಣು, ಕಿವಿ ಎರಡನ್ನೂ ಒಮ್ಮೆ ತೋರಿಸಿ.

ಬೇರೆ ಯಾವ ತೊಂದರೆಯೂ ಇಲ್ಲದೆ, ಬುದ್ಧಿ ಚುರುಕಾಗಿದ್ದೂ, ಗುಂಡಿ ಹಾಕಲು, ಲೇಸ್ ಕಟ್ಟಲು, ಬರೆಯಲು, ಚೆಂಡು ಹಿಡಿಯಲು ಓರಗೆಯವರಿಗಿಂತ ತುಂಬ ಹಿಂದುಳಿಯುವ ಮಕ್ಕಳಿದ್ದಾರೆ. ಚಲನೆಯ ಹೊಂದಾಣಿಕೆಯ ಈ ತೊಂದರೆ ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಇರುತ್ತದೆ. 'ಸೋಮಾರಿ', 'ಗಮನವಿಲ್ಲ' ಎಂಬ ಬೈಗುಳ ಇವರ ಪಾಲಿಗೇ ಹೆಚ್ಚು ಬರುವುದು. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿಯಿಂದ (ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸೆ) ಇವರಿಗೆ ನಿಜವಾಗಿ ಸಹಾಯವಾಗುತ್ತದೆ.

ದುಡ್ಡಿನ ಚಿಂತೆಯಿದ್ದರೆ ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಇದರ ತಪಾಸಣಾ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬರುತ್ತವೆ, ಜಿಲ್ಲಾ ಮಟ್ಟದಲ್ಲಿ ಇದಕ್ಕೆಂದೇ, ತೊಂದರೆಗೆ ಬೇಗನೆ ಚಿಕಿತ್ಸೆ ಶುರು ಮಾಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮುಂದಿನ ದಾರಿ ತೋರಿಸುತ್ತಾರೆ. ಹೋಗುವ ಮುಂಚೆ ಮಗು ಓಡುವುದು, ಮೆಟ್ಟಿಲು ಇಳಿಯುವುದು, ನೆಲದಿಂದ ಏಳುವುದು ಇವುಗಳ ಅರ್ಧ ನಿಮಿಷದ ವಿಡಿಯೋಗಳನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಹೊಸಬರ ಎದುರು ಮಗು ಅಮ್ಮನ ಸೆರಗು ಬಿಟ್ಟು ಕದಲುವುದಿಲ್ಲ, ವೈದ್ಯರಿಗೆ ನೋಡಲು ಬೇಕಾದ್ದು ಆ ವಿಡಿಯೋದಲ್ಲಿರುತ್ತದೆ.